ಗಾಳಿಯ ಊರಿನಿಂದ ಬಂದ ಮೇಲೆ, ಮಗಳಿಗೆ

ಪ್ರೀತಿಯ ಪುಟ್ಟಿ,

ನಾನೂ ಅಮ್ಮನೂ ಕ್ಷೇಮವಾಗಿ ಚಿಕ್ಕಮಗಳೂರು ಸೇರಿದೆವು. ಅರೇಬಿಕಾ ಕೊಯ್ಲು ಜೋರಾಗಿ ನಡೆದಿದೆ. ಕಣದ ತುಂಬಾ ಕಾಫಿ ಹರಡಿದೆ, ಒಂದು ಮೋಡ ಕಂಡರೂ ಎದೆ ಧಸಕ್ ಅನ್ನುತ್ತದೆ. ಅದಿರಲಿ.

ನೀನು ಶಿಕಾಗೊಗೆ ಹೋದಾಗಿನಿಂದ ನನಗೆ ಒಂದೇ ಚಿಂತೆ, ಆ ಊರಿನ ಚಳಿ. ಬೇಸಿಗೆಯಲ್ಲಿ ಬನ್ನಿ ಅಂತ ನೀನು ಕರೆದರೂ ನವೆಂಬರ್ ಕೊನೆಗೇ ಬರುತ್ತೇವೆ ಅಂತ ಹಟ ಹಿಡಿದಿದ್ದು ಅದಕ್ಕೇ. ಊರು ಚೆನ್ನಾಗಿರುವಾಗ ಬಂದು ನೋಡುವುದೇನಿದೆ? ಕಷ್ಟದ ದಿನಗಳಲ್ಲಿ ನೀನು ಹೇಗಿರುತ್ತೀಯ ಅಂತ ಕಣ್ಣಾರೆ ನೋಡಬೇಕಿತ್ತು.

ಗಾಳಿ ನಮಗೇನೂ ಹೊಸದಲ್ಲ. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ನೀನು ಹಾರಿ ಹೋಗುತ್ತೀಯೇನೋ ಅಂತ ಕೈ ಗಟ್ಟಿಯಾಗಿ ಹಿಡಿದುಕೊಂಡವನು ನಾನು. ಆದರೆ ಗಿರಿಯಿಂದ ಇಳಿದರೆ ಗಾಳಿ ಅಲ್ಲೇ ಉಳಿಯುತ್ತದೆ. ನಿನಗೆ ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಮಿಷಿಗನ್ ಅವೆನ್ಯೂ ಸೇತುವೆ ದಾಟುವಾಗ ಅಮ್ಮನ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದಾಳೇನೋ ಅಂದುಕೊಂಡೆ, ಅದು ಗಾಳಿಯ ಕೆಲಸ. ಮೈನಸ್ 5 ಡಿಗ್ರಿ ಇದ್ದಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಮೈನಸ್ 13ರಂತೆ ತಟ್ಟುತ್ತದೆ. ಮೈಯ ಕಾವನ್ನೆಲ್ಲ ಗಾಳಿ ಹೊತ್ತೊಯ್ಯುತ್ತದೆ. ಹಾಗಾಗಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೆ ಸಾಲದು, ಮೇಲೊಂದು ಗಾಳಿ ತಡೆಯುವ ಕೋಟು ಬೇಕೇ ಬೇಕು. ನಿನ್ನದು ತೆಳುವಾಯಿತು ಪುಟ್ಟಿ. ಇನ್ನೊಂದು ತಗೋ, ದುಡ್ಡಿನ ಮುಖ ನೋಡಬೇಡ.

ನನಗೆ ಧೈರ್ಯ ಬಂದಿದ್ದು ರೈಲು ನಿಲ್ದಾಣದಲ್ಲಿ. ಪ್ಲಾಟ್‌ಫಾರಂ ಮೇಲೆ ಒಂದು ಗುಂಡಿ ಒತ್ತಿದೆಯಲ್ಲ, ತಲೆಯ ಮೇಲಿನ ಹೀಟರ್‌ಗಳು ನಿಧಾನವಾಗಿ ಕೆಂಪಗಾದವು. ಜನ ಅದರ ಕೆಳಗೆ ಒತ್ತಾಗಿ ನಿಂತರು. ಅಮ್ಮ ಸೀರೆಯ ಮೇಲೆ ಕೋಟು ಹಾಕಿಕೊಂಡು ದೂರ ನಿಂತಿದ್ದಳು. ಒಬ್ಬ ಎತ್ತರದ ಹುಡುಗ ಏನೂ ಹೇಳದೆ ಪಕ್ಕಕ್ಕೆ ಸರಿದು ನಡುವೆ ಜಾಗ ಬಿಟ್ಟ. ಸ್ವಲ್ಪ ಹೊತ್ತಿಗೆ ಹೀಟರ್ ಆರಿತು. ಇನ್ಯಾರೋ ಮತ್ತೆ ಗುಂಡಿ ಒತ್ತಿದರು.

1893ರಲ್ಲಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನಕ್ಕೆ ಬಂದಾಗ ವಿಳಾಸ ಕಳೆದುಹೋಗಿ ರೈಲ್ವೆ ಯಾರ್ಡಿನ ಖಾಲಿ ವ್ಯಾಗನ್ನಿನಲ್ಲಿ ಮಲಗಿದ್ದರಂತೆ. ಮರುದಿನ ಬೀದಿ ಬದಿ ಕೂತಿದ್ದ ಅವರನ್ನು ಎದುರು ಮನೆಯ ತಾಯಿಯೊಬ್ಬರು ಕರೆದು ಊಟ ಹಾಕಿದರು. ವಿವೇಕಾನಂದರು ಮಾತಾಡಿದ ಕಟ್ಟಡ ಈಗಿನ ಆರ್ಟ್ ಇನ್ಸ್ಟಿಟ್ಯೂಟ್. ಅದರ ಮುಂದಿನ ಕಂಚಿನ ಸಿಂಹಗಳ ಕೊರಳಿಗೆ ಹಸಿರು ಮಾಲೆ ಹಾಕಿದ್ದರು, ನೆನಪಿದೆಯಾ? ಅಲ್ಲಿ ನಿಂತಾಗ ನನಗೆ ಅವರ ಭಾಷಣಕ್ಕಿಂತ ಆ ತಾಯಿಯೇ ಜಾಸ್ತಿ ನೆನಪಾದರು.

ವಿಲ್ಲಿಸ್ ಟವರ್ ನೋಡಿಯೂ ಖುಷಿಯಾಯಿತು. 442 ಮೀಟರ್ ಎತ್ತರ, 110 ಮಹಡಿ. ಅದನ್ನು ಗಾಳಿಗೆ ಜಗ್ಗದ ಹಾಗೆ ನಿಲ್ಲಿಸಿದ ಎಂಜಿನಿಯರ್ ಫಜಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು. ಒಂದೇ ದೊಡ್ಡ ಗೋಪುರ ಕಟ್ಟದೆ ಒಂಬತ್ತು ಚೌಕ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ನಿಲ್ಲಿಸಿದರು. ಕೆಲವು 50ನೇ ಮಹಡಿಗೇ ನಿಲ್ಲುತ್ತವೆ, ಎರಡು ಮಾತ್ರ ತುದಿಯವರೆಗೆ ಹೋಗುತ್ತವೆ. ನಮ್ಮ ಕಡೆಯ ಬಿಸಿಲಿನಲ್ಲಿ ಬೆಳೆದವರೊಬ್ಬರು ಆ ಗಾಳಿಯನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು!

ಚಳಿಯ ಭಯ ಹೋಯಿತು ಪುಟ್ಟಿ. ಈಗಿರುವುದು ಕತ್ತಲೆಯ ಚಿಂತೆ. ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನೀನು ಆಫೀಸಿಂದ ಹೊರಗೆ ಬರುವಾಗ ರಾತ್ರಿಯಾಗಿರುತ್ತದೆ. ಬಂದವಳೇ ಕೋಟು ಬಿಚ್ಚಿ ಸುಮ್ನೆ ಮಲಗಿಬಿಡುತ್ತಿದ್ದೆ, ನಾನು ನೋಡಿದ್ದೇನೆ. ಮಧ್ಯಾಹ್ನ ಊಟ ಆದ ಮೇಲೆ ಬಿಸಿಲಿದ್ದರೆ ಹೊರಗೆ ಹೋಗಿ ಬಾ. ಕೆರೆಯ ಕಡೆಗೇ ಹೋಗು. ಸಮುದ್ರದಂಥ ಮಿಷಿಗನ್ನಿಗೆ ಕೆರೆ ಅಂದರೆ ನೀನು ನಗುತ್ತೀಯ, ನಗು. ಹತ್ತು ನಿಮಿಷ ನಡೆದರೂ ಸಾಕು. ಹೂಂ ಅಂತ ಹೇಳಿ ಬಿಟ್ಟುಬಿಡಬೇಡ, ಮಾಡು.

ಶನಿವಾರ ನಿನಗೆ ಬೆಳಗ್ಗೆ ಏಳಾದಾಗ ಫೋನ್ ಮಾಡು. ನಮಗೆ ಆಗ ಸಂಜೆ ಆರೂವರೆ, ಬಟವಾಡೆ ಮುಗಿಸಿ ಕೂತಿರುತ್ತೇನೆ. ಕೋಟು ತಗೊಂಡೆಯಾ ಅಂತ ಮೊದಲು ಕೇಳುವುದು ಅಮ್ಮ.

ಇಂತಿ ನಿನ್ನ,
ಅಪ್ಪ