ಬಿರುಕು, ಸ್ಯಾಟಲೈಟ್ ನಕ್ಷೆ: ಓದಿ ಆಮ್ಯಾಲ ಫಾರ್ವರ್ಡ್ ಮಾಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ನಿನ್ನೆ ಗ್ರೂಪಿಗೆ ಬಂದ, ನೆಲ ಎಲ್ಲಿ ಎಷ್ಟು ಇಳಿದೈತಿ ಅಂತ ತೋರಿಸೋ ಕೆಂಪು-ನೀಲಿ ಸ್ಯಾಟಲೈಟ್ ನಕ್ಷೆ ನೋಡಿ ನಾಲ್ಕು ಮಂದಿ ಫೋನ್ ಮಾಡಿದ್ರು: "ನಮ್ಮ ವಿಜಯಪುರ ಕುಸಿಯಾಕತ್ತೈತೇನ್ರಿ?" ಆ ನಕ್ಷೆ ಮೆಕ್ಸಿಕೊ ನಗರದ್ದು. ಹಳೇ ಸರೋವರದ ಜೇಡಿಮಣ್ಣಿನ ಮ್ಯಾಲ ಕಟ್ಟಿದ ಊರು. ಅಂತರ್ಜಲ ಎತ್ತಿ ಎತ್ತಿ ಕೆಲವು ಕಡೆ ವರ್ಷಕ್ಕ 30 ಸೆಂ.ಮೀ.ಗಿಂತ ಹೆಚ್ಚು ಇಳಿದೈತಿ. ನಮ್ಮದು ಮಣ್ಣಿನ ಕೆಳಗ ಕಪ್ಪುಕಲ್ಲಿನ ನೆಲ, ಆ ಲೆಕ್ಕ ಇಲ್ಲಿ ಹೊಂದೂದಿಲ್ಲ.

ನಕ್ಷೆ ಮಾಡೂದು ಹಿಂಗ: ಉಪಗ್ರಹ ಒಂದೇ ಜಾಗದ ಮ್ಯಾಲ ಮತ್ತ ಮತ್ತ ಹಾದು ರಾಡಾರ್ ಅಲೆ ಬಿಡತೈತಿ. ವಾಪಸ್ ಬಂದ ಅಲೆಯ ಏರಿಳಿತ ಹಿಂದಿನ ಸಲಕ್ಕಿಂತ ಎಷ್ಟು ಸರಿದೈತಿ ಅಂತ ಹೋಲಿಸಿದ್ರ, ನೆಲ ಕೆಲವೇ ಮಿಲಿಮೀಟರ್ ಇಳಿದಿದ್ದೂ ಸಿಗತೈತಿ. ಮೋಡ, ರಾತ್ರಿ ಅಡ್ಡಿಯಿಲ್ಲ. 2025ರ ಜುಲೈ 30ಕ್ಕ ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಗೆ ಬರತೈತಿ. ಅದರ ಎಲ್-ಬ್ಯಾಂಡ್ ಅನ್ನೋ ರಾಡಾರ್ ಅಲೆ ಸುಮಾರು 24 ಸೆಂ.ಮೀ. ಉದ್ದ; ಉದ್ದ ಅಲೆ ಎಲೆ ದಾಟಿ ನೆಲ ಮುಟ್ಟತೈತಿ, ಹಂಗಾಗಿ ಗಿಡಗಂಟಿ ಇದ್ದಲ್ಲೂ ಕೆಲಸ ಸಾಗತೈತಿ. (ಕಬ್ಬು ಆಳೆತ್ತರ ನಿಂತಾಗ ಖಾತ್ರಿ ಹೇಳಾಕ ಬರೂದಿಲ್ಲ, ಬಿಡ್ರಿ.)

ಇನ್ನ ನಮ್ಮ ಎರಿಭೂಮಿ. ಬ್ಯಾಸಗ್ಯಾಗ ಬಿರಿದು ಇಳೀತೈತಿ, ಮಳಿ ಬಿದ್ರ ಉಬ್ಬತೈತಿ. ಎರಡೇ ಚಿತ್ರ ನೋಡಿ ಬೋರ್‌ವೆಲ್ ಮ್ಯಾಲ ತಪ್ಪು ಹೊರಿಸಬ್ಯಾಡ್ರಿ; ವರ್ಷಗಟ್ಟಲೆ ಚಿತ್ರ ಸಾಲಾಗಿ ಇಟ್ಟು ನೋಡಬೇಕು. ನಮ್ಮ ಮನಿ ಬಾಗಿಲ ಪಕ್ಕದ ಬಿರುಕಿನ್ಯಾಗ ಮೇ ತಿಂಗಳಾಗ ರೂಪಾಯಿ ನಾಣ್ಯ ನಿಂತಿತ್ತು, ಶ್ರಾವಣಕ್ಕ ಬ್ಲೇಡೂ ಹೋಗಲಿಲ್ಲ.

ಗ್ವಾಡಿ ಬಿರುಕು ಇದ್ದವರು ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಅಳೆದು, ತಾರೀಖು ಬರೆದು ಇಲ್ಲೇ ಫೋಟೊ ಹಾಕ್ರಿ. ಪ್ರತಿ ಅಮಾಸಿಗೊಮ್ಮೆ. ಅವತ್ತು ಒಂದಿನ ಗುಡ್ ಮಾರ್ನಿಂಗ್ ಹೂವು ಬ್ಯಾಡ.