ಐವರಿಗೆ ಮೂರರ ಲೆಕ್ಕ

ಮಾನ್ಯರೇ,

ಅಮೆರಿಕದಲ್ಲಿ ಜಾಸ್ತಿ ಮತ ಪಡೆದವರೂ ಅಧ್ಯಕ್ಷರಾಗದೆ ಉಳಿಯುವುದುಂಟು. 2016ರಲ್ಲಿ ಹಿಲರಿ ಕ್ಲಿಂಟನ್‌ ಸುಮಾರು 28 ಲಕ್ಷ ಮತ ಹೆಚ್ಚು ಪಡೆದೂ ಸೋತರು. ಯಾಕಂದ್ರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಎಂದು ಹಂಚಿದ ಪ್ರತಿನಿಧಿಗಳ ಕೂಟ, ಅಂದರೆ ಎಲೆಕ್ಟೋರಲ್ ಕಾಲೇಜ್. ಇದು ಸಣ್ಣ ರಾಜ್ಯಗಳ ರಕ್ಷಣೆಗೆ ಬಂದದ್ದು ಅಂತಾರೆ. ಅದು ಅರ್ಧ ಮಾತು.

ಸಂವಿಧಾನ ಬರೆಯಲು ಸೇರಿದ 1787ರ ಫಿಲಡೆಲ್ಫಿಯಾ ಸಭೆಯಲ್ಲಿ, ಮುಂದೆ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್‌ ಒಳಗುಟ್ಟು ಬಾಯಿಬಿಟ್ಟಿದ್ದರು. ಜನರೇ ನೇರವಾಗಿ ಆರಿಸಿದರೆ ದಕ್ಷಿಣದ ರಾಜ್ಯಗಳಿಗೆ ನಷ್ಟ, ಯಾಕಂದ್ರೆ ಅಲ್ಲಿನ ಗುಲಾಮರಿಗೆ ಮತವಿಲ್ಲ. ಆದರೆ ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು, ಎಲೆಕ್ಟೋರಲ್ ಕಾಲೇಜಿನ ಮತಗಳೂ ಆ ಸೀಟುಗಳ ಲೆಕ್ಕದಲ್ಲೇ ಸಿಕ್ಕವು! ಮತ ಹಾಕುವಂತಿಲ್ಲ, ಒಡೆಯನ ಬಲಕ್ಕೆ ಮಾತ್ರ ಲೆಕ್ಕಕ್ಕೆ ಬರಬೇಕು. ಎಂಥ ಗಣಿತ ಅಲ್ವಾ?

1800ರಲ್ಲಿ ಜೆಫರ್ಸನ್‌ 73–65 ಎಲೆಕ್ಟೋರಲ್ ಮತಗಳಿಂದ ಜಾನ್ ಆಡಮ್ಸ್‌ರನ್ನು ಸೋಲಿಸಿದರು. ಈ ಲೆಕ್ಕ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದ ಗುಲಾಮರ ಒಡೆಯರೇ ಅಧ್ಯಕ್ಷರಾಗಿದ್ದರು.

1865ರಲ್ಲಿ ಗುಲಾಮಗಿರಿ ಹೋಯಿತು, ಎಲೆಕ್ಟೋರಲ್ ಕಾಲೇಜ್ ಉಳಿಯಿತು. ಶಾಲೆಗಳಲ್ಲಿ ಗುಲಾಮಗಿರಿಯ ಈ ಇತಿಹಾಸವನ್ನು ಎಷ್ಟು ಕಲಿಸಬೇಕು ಅಂತ ಅಲ್ಲಿ ಈಗ ಜಗಳ. ಮಕ್ಕಳಿಗೆ ನಾಚಿಕೆಯಾಗುತ್ತದೆ ಎಂಬ ನೆಪ ನನಗಂತೂ ಒಪ್ಪಿಗೆಯಿಲ್ಲ. ಮ್ಯಾಡಿಸನ್‌ ತಾವೇ ಬರೆದಿಟ್ಟ ಟಿಪ್ಪಣಿಯನ್ನಾದರೂ ಓದಿಸಲಿ.

– ಒಬ್ಬ ಓದುಗ, ಮೈಸೂರು