ಮೇಷ್ಟ್ರ ಹಿಂದಿನ ಚಾಪೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಬಂದು ನಾಲ್ಕು ದಿನ ಆಯಿತು. "ನನಗೆ ಆ್ಯಕ್ಟಿಂಗ್ ಬರಲ್ಲ, ಅದಕ್ಕೇ ಡೈರೆಕ್ಷನ್ ಕಲಿಯೋಣ ಅಂತಿದೀನಿ. ಅಲ್ಲಿ ಏನು ಕಲಿಸ್ತಾರೆ? ಎಲ್ಲಿಗೆ ಸೇರಲಿ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಕೆ ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೇ ಸಾಲಿಗೇ ನಗು ಬಂತು ಕಣೋ. ನಮ್ಮ ರಂಗಶಾಲೆಗೆ ನಿರ್ದೇಶನ ಬೇಕು ಅಂತ ಬಂದವರಲ್ಲಿ ಅರ್ಧಕ್ಕರ್ಧ ಜನರ ಕಾರಣ ಇದೇ ಆಗಿತ್ತು. ನನ್ನದೂ. ಸಂದರ್ಶನದಲ್ಲಿ ಹಾಗೇ ಹೇಳಿಬಿಟ್ಟೆ. ಎದುರಿಗೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು, "ಈಜು ಬರಲ್ಲ, ಅದಕ್ಕೇ ಈಜು ಕಲಿಸೋಕೆ ಹೊರಟಿದೀಯಾ?" ಅಂದರು. ಆದರೂ ಸೇರಿಸಿಕೊಂಡರು. ಸೇರಿಸಿಕೊಂಡು ಆರು ತಿಂಗಳು ಬರೀ ನಟನೆ ಮಾಡಿಸಿದರು. ಜೊತೆಗೆ ಕಸ ಗುಡಿಸುವುದು, ಪರದೆ ಹೊಲಿಯುವುದು, ತಾಲೀಮಿನ ಹಾಜರಿ ಬರೆಯುವುದು.

ನನಗೆ ಸಿಕ್ಕಿದ್ದು ಅರಮನೆಯ ಕಾವಲುಗಾರನ ಪಾತ್ರ. ಎರಡು ಮಾತು. ಉಳಿದ ನಲವತ್ತು ನಿಮಿಷ ಈಟಿ ಹಿಡಿದು ನಿಂತಿರಬೇಕು. ಪಾದ ಜೋಮು ಹಿಡಿಯುತ್ತಿತ್ತು, ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಪೂರ್ತಿ ಕತ್ತಲು. ಆ ಕತ್ತಲೊಳಗಿಂದ ಒಂದು ದನಿ "ಇನ್ನೊಂದು ಸಲ" ಅನ್ನುತ್ತಿತ್ತು. ಯಾಕೆ ಅಂತ ಹೇಳುತ್ತಿರಲಿಲ್ಲ. ಏನು ತಪ್ಪಾಯಿತು, ಯಾರದು ತಪ್ಪು, ಒಂದೂ ಗೊತ್ತಾಗದೆ ಹದಿನಾಲ್ಕು ಜನ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆವು. ಆ ದನಿಯ ಮೇಲೆ ನನಗೆಷ್ಟು ಸಿಟ್ಟು ಬರುತ್ತಿತ್ತು ಅಂದರೆ, ಮುಂದೆ ನಾನು ಯಾವತ್ತೂ ಹಾಗೆ ಮಾಡಲ್ಲ ಅಂತ ಅಂದುಕೊಂಡಿದ್ದೆ. ಕತ್ತಲಲ್ಲಿ ಕೂರುವ ಸರದಿ ಬಂದಾಗ ನನ್ನ ಬಾಯಿಂದ ಬಂದ ಮೊದಲ ಮಾತೇ "ಇನ್ನೊಂದು ಸಲ".

ಸರಿ, ಏನು ಕಲಿಸ್ತಾರೆ ಅಂತ ಕೇಳಿದೆಯಲ್ಲ. ಒಂದು ದಿನದ ಪಾಠ ಹೇಳುತ್ತೇನೆ.

ಒಂದು ಚಿಕ್ಕ ದೃಶ್ಯ ಕೊಟ್ಟಿದ್ದರು. ಸೊಸೆ ತವರಿಗೆ ಹೋಗಿಬರುತ್ತೇನೆ ಅಂತ ಅತ್ತೆಯನ್ನು ಕೇಳುತ್ತಾಳೆ, ಅಷ್ಟೇ. ನಿರ್ದೇಶಕನ ಪ್ರತಿ ಹೇಗಿರುತ್ತೆ ಅಂದರೆ, ಎಡಗಡೆ ಪುಟದಲ್ಲಿ ನಾಟಕದ ಮಾತು, ಬಲಗಡೆ ಪುಟ ಖಾಲಿ. ಆ ಖಾಲಿ ಪುಟದಲ್ಲಿ ನಾವು ಬರೆಯಬೇಕು, ಅದೂ ಪೆನ್ಸಿಲಿನಲ್ಲಿ. ನಾನು ಶ್ರದ್ಧೆಯಿಂದ "ವಿನಯದಿಂದ", "ಬೇಸರದಿಂದ", "ಸಿಟ್ಟಿನಿಂದ" ಅಂತ ಪ್ರತಿ ಮಾತಿಗೂ ಬರೆದುಕೊಂಡು ಹೋಗಿದ್ದೆ. ಮೇಡಂ ನೋಡಿದರು. ನನ್ನ ರಬ್ಬರು ತೆಗೆದುಕೊಂಡು ಅಷ್ಟನ್ನೂ ಅಳಿಸಿದರು.

"ಸಿಟ್ಟಿನಿಂದ ಅಂತ ಹೇಳಿದ್ರೆ ನಟಿ ಹುಬ್ಬು ಗಂಟು ಹಾಕ್ತಾಳೆ, ಮುಗೀತು. ಅವಳು ಅತ್ತೆಗೆ ಏನು ಮಾಡ್ತಿದಾಳೆ? ಅದನ್ನ ಹೇಳು. ಕ್ರಿಯಾಪದ ಕೊಡು."

ಅವತ್ತು ಇಡೀ ಮಧ್ಯಾಹ್ನ ಕ್ರಿಯಾಪದ ಹುಡುಕಿದೆವು. ಪುಸಲಾಯಿಸು. ಗೋಗರೆ. ಹಂಗಿಸು. ಚುಚ್ಚು. ಸತಾಯಿಸು. ಜಾರಿಕೊ. ನಮ್ಮ ಅಜ್ಜಿಯರ ಬಾಯಲ್ಲಿ ಎಷ್ಟು ಇದ್ದವು ನೋಡು, ನಾವು ಮರೆತೇ ಬಿಟ್ಟಿದ್ದೇವೆ. ಬೇಡುವುದೇ ಬೇರೆ, ಗೋಗರೆಯುವುದೇ ಬೇರೆ. ಗೋಗರೆಯುವಾಗ ಮೈ ಬಗ್ಗುತ್ತದೆ. ಸೊಸೆ ಪಾತ್ರದ ಹುಡುಗಿಗೆ "ಪುಸಲಾಯಿಸು" ಅಂದೆ. ಅವಳು ಯಾರೂ ಹೇಳದೇ ಅತ್ತೆಯ ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ಸುಣ್ಣ ಸವರುತ್ತಾ ಅದೇ ಮಾತು ಹೇಳಿದಳು. ಆಮೇಲೆ "ಹಂಗಿಸು" ಅಂದೆ. ತಟ್ಟೆಯನ್ನು ಅತ್ತೆಯ ಕೈಗೆ ಎಟುಕದ ಹಾಗೆ ಒಂದು ಗೇಣು ಆಚೆ ಸರಿಸಿದಳು. ಮಾತು ಒಂದಕ್ಷರವೂ ಬದಲಾಗಿರಲಿಲ್ಲ. ನನಗೆ ಮೈ ಜುಮ್ಮೆಂದಿತು.

ಇಷ್ಟು ಕಲಿತ ಮೇಲೂ ನಾನು ಮಾಡಿದ ಪೆದ್ದು ಕೆಲಸ ಕೇಳು. ವರ್ಷದ ಕೊನೆಗೆ ನನ್ನದೇ ನಿರ್ದೇಶನ, ಒಂದು ಗಂಟೆಯ ನಾಟಕ. ಗ್ರಾಫ್ ಹಾಳೆಯಲ್ಲಿ ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ರಂಗದ ನಕ್ಷೆ ಬರೆದೆ. ಮೂವತ್ತು ಅಡಿ ಅಗಲ, ಇಪ್ಪತ್ತು ಅಡಿ ಆಳ. ಅದರ ಮೇಲೆ ಹುಣಸೆ ಬೀಜ ಇಟ್ಟೆ. ಅಮ್ಮ ಕಳಿಸಿದ್ದ ಹುಣಸೆಹಣ್ಣಿನವೇ. ಒಬ್ಬೊಬ್ಬ ನಟನಿಗೆ ಒಂದೊಂದು ಬೀಜ. ನಾಯಕಿಯ ಬೀಜಕ್ಕೆ ನೇಲ್ ಪಾಲಿಶ್ ಬೇರೆ. ಹತ್ತು ರಾತ್ರಿ ಕೂತು, ಯಾವ ಮಾತಿಗೆ ಯಾವ ಬೀಜ ಎಲ್ಲಿಗೆ ಹೋಗಬೇಕು ಅಂತ ಬಾಣ ಹಾಕಿ ಬರೆದೆ. ಚಿಕ್ಕವರಿದ್ದಾಗ ಅಳಗುಳಿಮಣೆ ಆಡಿದ ಹಾಗೆ. ಬೀಜಗಳು ಎದುರು ಮಾತಾಡಲ್ಲ ನೋಡು, ಎಲ್ಲಾ ಚೆನ್ನಾಗಿ ನಡೆಯಿತು.

ತಾಲೀಮಿಗೆ ಹೋದೆ. ಮೊದಲನೇ ದಿನ, ಮೂರನೇ ಮಾತು. ನಾಯಕಿಗೆ "ಇಲ್ಲಿಂದ ಆ ಕಂಬದ ಹತ್ತಿರ ಹೋಗು" ಅಂದೆ.

"ಯಾಕೆ ಹೋಗ್ಲಿ?" ಅಂದಳು.

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೀಜ ಹೋಗಿತ್ತು, ಅದಕ್ಕೆ. ಆ ಮೂಲೆ ಖಾಲಿ ಕಾಣುತ್ತಿತ್ತು, ಅದಕ್ಕೆ. ಹಾಗಂತ ಹೇಳೋಕಾಗುತ್ತಾ? "ಹೋಗು, ಆಮೇಲೆ ಹೇಳ್ತೀನಿ" ಅಂದೆ. ಹೋದಳು. ಹೋಗಿ ಕಂಬದ ಪಕ್ಕ ಇನ್ನೊಂದು ಕಂಬದ ಹಾಗೆ ನಿಂತಳು.

ರಾತ್ರಿ ಊಟ ಸೇರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಕೂತು ಓದುವಾಗ ಸ್ವಲ್ಪ ಸಮಾಧಾನ ಸಿಕ್ಕಿತು. ರಷ್ಯಾದ ಸ್ಟಾನಿಸ್ಲಾವ್‌ಸ್ಕಿ ಗೊತ್ತಲ್ಲ, ನಟನೆಯ ಪಾಠ ಅಂದರೆ ಎಲ್ಲರೂ ಹೇಳುವ ಹೆಸರು. ಆ ಮನುಷ್ಯನೂ 1898ರಲ್ಲಿ ಚೆಕಾಫನ ಒಂದು ನಾಟಕಕ್ಕೆ ಹೀಗೇ ಮಾಡಿದ್ದ. ಮಾಸ್ಕೋದಿಂದ ದೂರ, ತನ್ನ ಸೋದರನ ಎಸ್ಟೇಟಿನಲ್ಲಿ ಕೂತು, ಯಾರು ಎಲ್ಲಿ ಕೂರಬೇಕು, ಎಲ್ಲಿ ಮಾತು ನಿಲ್ಲಿಸಬೇಕು, ಎಲ್ಲಿ ಕಪ್ಪೆ ವಟಗುಟ್ಟಬೇಕು ಅನ್ನುವವರೆಗೆ ಬರೆದು ಕಳಿಸಿದ. ನಾಟಕ ಗೆದ್ದಿತು, ಅದು ಬೇರೆ ಮಾತು. ಆದರೆ ವಯಸ್ಸಾದ ಮೇಲೆ ಆತನೇ ಆ ದಾರಿ ಬಿಟ್ಟ. ನಟರನ್ನೇ ಎಬ್ಬಿಸಿ, ಮಾಡುತ್ತಾ ಮಾಡುತ್ತಾ ದೃಶ್ಯ ಹುಡುಕುವುದಕ್ಕೆ ಶುರು ಮಾಡಿದ. ಅಷ್ಟು ದೊಡ್ಡವನಿಗೇ ಅಷ್ಟು ವರ್ಷ ಬೇಕಾಯಿತು, ನನ್ನದೇನು ಮಹಾ ಅಂತ ಹೋಗಿ ಮಲಗಿದೆ.

ಮಾರನೇ ದಿನ ಹಾಳೆ ತೆಗೆದುಕೊಂಡು ಹೋಗಲಿಲ್ಲ. ನಾಯಕಿಗೆ "ಅವನ ಮಾತು ಕೇಳಿಸಿಕೊಳ್ಳಬಾರದು ನೀನು, ಏನು ಮಾಡ್ತೀಯಾ?" ಅಂತ ಕೇಳಿದೆ. ಎರಡು ಮೂರು ಸಲ ಏನೇನೋ ಮಾಡಿದಳು. ನಾಲ್ಕನೇ ಸಲ ಕಂಬದ ಹಿಂದೆ ಹೋಗಿ, ಅದಕ್ಕೆ ಹಣೆ ಒತ್ತಿ ನಿಂತಳು. ಬೀಜ ಹೋಗಿದ್ದ ಜಾಗವೇ! ಸುಮ್ನೆ ನಕ್ಕೆ. ಅವಳಿಗೆ ಇವತ್ತಿಗೂ ಹೇಳಿಲ್ಲ.

ಆ ನಾಟಕ ಎರಡನೇ ಪ್ರದರ್ಶನಕ್ಕೆ ಒಂದು ತಾಲೂಕು ಕೇಂದ್ರಕ್ಕೆ ಹೋಯಿತು. ಊರಿನ ಹೆಸರು ಬೇಡ. ಫೋನಿನಲ್ಲಿ "ಸ್ಟೇಜು ಎಷ್ಟಿದೆ ಸಾರ್?" ಅಂತ ಕೇಳಿದ್ದಕ್ಕೆ "ದೊಡ್ಡದಿದೆ ಬನ್ನಿ, ಡ್ಯಾನ್ಸ್ ಪ್ರೋಗ್ರಾಂ ಎಲ್ಲಾ ಆಗಿವೆ" ಅಂದರು. ನಾನು ಒಂದು ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರಬೇಕಿತ್ತು. ಹೋಗಲಿಲ್ಲ. ಪ್ರದರ್ಶನದ ದಿನ ಹೋಗಿ ಇಳಿದಾಗ ಸಂಜೆ ನಾಲ್ಕು. ಆಳ ಹದಿನಾಲ್ಕೇ ಅಡಿ. ಹಿಂದಿನ ಗೋಡೆಗೆ ಸಿಮೆಂಟಿನ ಕಮಲ, ಅದಕ್ಕೆ ಗುಲಾಬಿ ಬಣ್ಣ. ಆರು ಅಡಿ ನಾಟಕ ಎಲ್ಲಿಡಲಿ ಹೇಳು? ಆರೂವರೆಗೆ ಶುರು.

ಎಲ್ಲರನ್ನೂ ಸೇರಿಸಿ "ಜಾಗ ಕಡಿಮೆ ಇದೆ, ಮಾಡುವ ಕೆಲಸ ಅದೇ" ಅಂದೆ. ಅಷ್ಟೇ ಹೇಳೋಕೆ ಟೈಮಿದ್ದದ್ದು. ಹತ್ತು ಹೆಜ್ಜೆ ಹೋಗುತ್ತಿದ್ದವಳು ಐದು ಹೆಜ್ಜೆ ಹೋದಳು. ಯಾಕೆ ಹೋಗುತ್ತಿದ್ದೇನೆ ಅಂತ ಗೊತ್ತಿತ್ತಲ್ಲ, ಐದರಲ್ಲೂ ಕೆಲಸ ಆಯಿತು. ಗ್ರಾಫ್ ಹಾಳೆ ನಂಬಿ ಕೂತಿದ್ದರೆ ಅವತ್ತು ನಾಟಕ ಏಳುತ್ತಲೇ ಇರಲಿಲ್ಲ. ನೀನು ಎಲ್ಲಿಗಾದರೂ ಸೇರು, ಮೊದಲು ಒಂದು ಅಳತೆ ಟೇಪು ತಗೋ. ಆಮೇಲೆ ಪುಸ್ತಕ.

ಅದೇ ಸಂಜೆ ಇನ್ನೊಂದಾಯಿತು. ಗಡಿಬಿಡಿಯಲ್ಲಿ ನಮ್ಮ ಹುಡುಗನೊಬ್ಬ ಲೈಟಿಗೆ ಹ್ಯಾಲೊಜೆನ್ ಬಲ್ಬು ಹಾಕುವಾಗ ಬರಿಗೈಲಿ ಮುಟ್ಟಿದ್ದಾನೆ. ಆ ಬಲ್ಬನ್ನು ಬಟ್ಟೆ ಹಿಡಿದೇ ಹಾಕಬೇಕು. ಬೆರಳಿನ ಜಿಡ್ಡು ಗಾಜಿಗೆ ಅಂಟಿದರೆ, ಕಾದಾಗ ಆ ಜಾಗ ಕೆಟ್ಟು ಒಡೆಯಬಹುದು. ಎರಡನೇ ದೃಶ್ಯದಲ್ಲಿ ಟಪ್ ಅಂತ ಹೋಯಿತು. ರಂಗದ ಎಡಭಾಗ ಕತ್ತಲು. ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ತಾಯಿ ಪಾತ್ರದವಳು ಒಂದು ಗಳಿಗೆ ನೋಡಿದಳು. ಮೊರ ಎತ್ತಿಕೊಂಡು, "ಇಲ್ಲಿ ಕಣ್ಣೇ ಕಾಣಲ್ವಲ್ಲಪ್ಪ" ಅಂತ ಗೊಣಗುತ್ತಾ ಬೆಳಕಿಗೆ ಬಂದು ಕೂತಳು. ನೋಡಲು ಬಂದವರಿಗೆ ಏನೂ ಗೊತ್ತಾಗಲಿಲ್ಲ. ನಾನು ಕೊನೆ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಕೈಯಲ್ಲಿ ಟಾರ್ಚು. ಅದನ್ನು ಹಾಕುವ ಹಾಗೂ ಇಲ್ಲ. ಪ್ರದರ್ಶನದ ದಿನ ನಿರ್ದೇಶಕನಷ್ಟು ನಿರುದ್ಯೋಗಿ ಇನ್ನೊಬ್ಬನಿಲ್ಲ ಮಾರಾಯ. ಎಲ್ಲರಿಗೂ ಕೆಲಸ ಇರುತ್ತೆ, ಅವನೊಬ್ಬ ಬಿಟ್ಟು.

ಆಗ ನಮ್ಮೂರ ನಾಟಕದ ಮೇಷ್ಟ್ರು ನೆನಪಾದರು.

ನಿನಗೂ ನೆನಪಿರಬೇಕು. ಕುರುಕ್ಷೇತ್ರ ನಾಟಕ, ಊರ ಹಬ್ಬದ ರಾತ್ರಿ. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ದುಡ್ಡು ಕಟ್ಟಬೇಕು, ದೂತನ ಪಾತ್ರ ಅಗ್ಗ ಅಂತ ಜಗಲಿ ಮೇಲೆ ಚೌಕಾಸಿ ನಡೆಯುತ್ತಿತ್ತಲ್ಲ. ದುಡ್ಡು ಕೊಟ್ಟವನೇ ದುರ್ಯೋಧನ, ದನಿ ಇದೆಯೋ ಇಲ್ಲವೋ ಯಾರಿಗೆ ಬೇಕು. ಆ ಜನರನ್ನು ಇಟ್ಟುಕೊಂಡು ಮೂರು ತಿಂಗಳು ಕಂದ ಪದ್ಯ ಹೇಳಿಕೊಟ್ಟು, ಕೊನೆಗೆ ರಂಗದ ಮುಂದೆ ಕಾಲು ಹಾರ್ಮೋನಿಯಂ ಹಾಕಿಕೊಂಡು ಬೆಳಗಿನವರೆಗೆ ಕೂರುತ್ತಿದ್ದರು. ನಾವಿಬ್ಬರೂ ಅವರ ಹಿಂದೆ ಚಾಪೆ ಹಾಸಿಕೊಂಡು ಅರ್ಧ ನಿದ್ದೆಯಲ್ಲಿ ನೋಡುತ್ತಿದ್ದೆವು. ದುರ್ಯೋಧನನ ಉಸಿರು ಸೋತರೆ ಹಾರ್ಮೋನಿಯಂ ದನಿ ಏರಿಸಿ ಮುಚ್ಚುತ್ತಿದ್ದರು. ಮಾತು ಮರೆತು ಭೀಮ ಬೆಬ್ಬೆಬ್ಬೆ ಅಂದರೆ, ಮುಂದಿನ ಪದ್ಯ ಎತ್ತಿಕೊಟ್ಟು ದಾಟಿಸುತ್ತಿದ್ದರು. ಕೃಷ್ಣ ಒನ್ಸ್ ಮೋರ್ ಆಸೆಗೆ ಎಳೆದಾಡಿದರೆ ಬಾರಿಸುವುದನ್ನೇ ನಿಲ್ಲಿಸುತ್ತಿದ್ದರು, ಪಾಪ ಕೃಷ್ಣ ಸುಮ್ಮನಾಗುತ್ತಿದ್ದ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಅನ್ನುತ್ತಾರೆ. ವೇಷ ಕಟ್ಟದೆ, ರಂಗದ ಮೇಲೇ ಕೂತು ಇಡೀ ಆಟ ಆಡಿಸುವವರು. ನಮ್ಮ ಕಡೆಯ ಮೇಷ್ಟ್ರೂ ಅದೇ ಜಾತಿ. ರಂಗಶಾಲೆಯಲ್ಲಿ ನನಗೆ ತುಂಬಾ ಕಲಿಸಿದರು, ಇದೊಂದನ್ನು ಕಲಿಸಲಿಲ್ಲ.

ಎಲ್ಲಿಗೆ ಸೇರಲಿ ಅಂದೆಯಲ್ಲ. ಡೆಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ಇದೆ, 1959ರದ್ದು. ಮೂರು ವರ್ಷ, ಪದವಿ ಆಗಿರಬೇಕು, ನಿನ್ನದು ಆಗಿದೆ. ವಿನ್ಯಾಸ ಮತ್ತು ನಿರ್ದೇಶನವನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ, ಒಂದು ವರ್ಷದ ಕೋರ್ಸು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ. 1949ರಲ್ಲಿ ಹಳ್ಳಿಯ ನಾಟಕ ಸಂಘವಾಗಿ ಹುಟ್ಟಿದ್ದು, 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ. ನಮ್ಮೂರಿನ ಹೈಸ್ಕೂಲ್ ಮೈದಾನಕ್ಕೆ ಬಂದಿದ್ದು ಅದೇ ತಿರುಗಾಟ. ಇನ್ನು ಸಾಣೇಹಳ್ಳಿಯ ರಂಗಶಾಲೆ ನಿನಗೆ ಹತ್ತಿರ, ಮೈಸೂರಿನ ರಂಗಾಯಣವೂ ಇದೆ. ನನ್ನ ಕೇಳಿದರೆ ಮೊದಲು ಕನ್ನಡದಲ್ಲಿ ಒಂದು ವರ್ಷ ಕಲಿ, ಡೆಲ್ಲಿ ಆಮೇಲೆ ನೋಡೋಣ. ಕ್ರಿಯಾಪದ ಹುಡುಕೋಕೆ ಹಿಂದಿಯಲ್ಲಿ ಕೂತರೆ ನಿನಗೆ ನಿನ್ನ ಅಜ್ಜಿ ಸಹಾಯಕ್ಕೆ ಬರಲ್ಲ.

ದುಡ್ಡಿನ ವಿಷಯ ಒಂದೇ ಸಾಲು. ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಆಮೇಲೆ ಕಾಲೇಜು ಸ್ಪರ್ಧೆ, ಶಾಲಾ ವಾರ್ಷಿಕೋತ್ಸವ. ನನ್ನ ಹೊಟ್ಟೆ ನಡೆಯುತ್ತಿರುವುದು ಇವುಗಳಲ್ಲಿ. ಕೆಲಸಕ್ಕೆ ರಾಜೀನಾಮೆ ಕೊಡಬೇಡ, ರಜೆ ಸಿಗುತ್ತಾ ಕೇಳು.

ಬಿ. ವಿ. ಕಾರಂತರನ್ನು ನೋಡು. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ನಮ್ಮ ಜಿಲ್ಲೆಯ ಗುಬ್ಬಿ ಕಂಪನಿಗೆ. ಆಮೇಲೆ ಕಾಶಿ, ಆಮೇಲೆ ಡೆಲ್ಲಿಯ ಅದೇ ನಾಟಕ ಶಾಲೆ. 1977ರಲ್ಲಿ ಅದಕ್ಕೇ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಇಷ್ಟೆಲ್ಲಾ ಆದರೂ ಅವರ ನಾಟಕಗಳಿಂದ ಕಂಪನಿಯ ಹಾಡು, ಹಾರ್ಮೋನಿಯಂ ಹೋಗಲೇ ಇಲ್ಲ.

ನಾನು ಹಬ್ಬಕ್ಕೆ ಬರುತ್ತಿದ್ದೇನೆ. ಈ ಸಲ ನಾಟಕ ಉಂಟಂತೆ, ಸೀನರಿಗೆ ಅಡ್ವಾನ್ಸ್ ಕೊಟ್ಟಾಯಿತು ಅಂತ ಅಮ್ಮ ಹೇಳಿದಳು. ಮೇಷ್ಟ್ರು ಅವರೇ ಅಂತೆ, ಕಣ್ಣು ಸ್ವಲ್ಪ ಮಂಜಾಗಿದೆಯಂತೆ. ಹಾರ್ಮೋನಿಯಂ ಪಕ್ಕದಲ್ಲಿ ಯಾರಾದರೂ ಕೂತು ಯಾರು ರಂಗಕ್ಕೆ ಬಂದರು ಅಂತ ಕಿವಿಯಲ್ಲಿ ಹೇಳಬೇಕಂತೆ. ಆ ಜಾಗ ನನಗೆ ಬೇಕು. ಯಾರಿಗೂ ಮಾತು ಕೊಡಬೇಡ ಅಂತ ಅವರಿಗೆ ಹೇಳಿಡು. ನೀನು ಹಿಂದೆ ಚಾಪೆ ಹಾಕು, ಈ ಸಲ ನಿದ್ದೆ ಮಾಡುವ ಹಾಗಿಲ್ಲ.

ನಿನ್ನ,
ಈಟಿ ಹಿಡಿದು ನಿಂತಿದ್ದ ಕಾವಲುಗಾರ